ಬೆಳಕಿನ ಬುತ್ತಿ: ಮನೆಗೆ ಇನ್ವರ್ಟರ್ ಕೊಳ್ಳುವ ಮುನ್ನ

ಕರ್ನಾಟಕದ ನೆತ್ತಿಯ ಮೇಲಿರುವ ನಮ್ಮ ಬೀದರ ಜಿಲ್ಲೆಯಲ್ಲಿ "ಲೈಟು ಹೋಯಿತು" ಎಂಬ ಮಾತನ್ನು ಕೇಳದ ಮನೆ ಇರಲಾರದು. ಬೇಸಿಗೆಯ ಕೊನೆಯ ಬಿರುಗಾಳಿ, ಮುಂಗಾರಿನ ಮೊದಲ ಸಿಡಿಲು, ತಂತಿಯ ಮೇಲೆ ಮುರಿದು ಬಿದ್ದ ಬೇವಿನ ಕೊಂಬೆ, ಅಧಿಕ ಭಾರ ತಾಳದೆ ಸುಟ್ಟ ಟ್ರಾನ್ಸ್‌ಫಾರ್ಮರು, ಮುಂಚಿತವಾಗಿ ತಿಳಿಸಿ ಕೈಗೊಳ್ಳುವ ದುರಸ್ತಿ ಹೀಗೆ ಕಾರಣಗಳು ಹಲವು. ಪರಿಣಾಮ ಮಾತ್ರ ಒಂದೇ. ನಮ್ಮ ಹಿರಿಯರು ಇಂಥ ಹೊತ್ತಿನಲ್ಲಿ ಕಂದೀಲನ್ನೋ ಚಿಮಣಿಯನ್ನೋ ಹಚ್ಚಿ ಸಂಸಾರ ಸಾಗಿಸಿದರು. ಇಂದು ವಿದ್ಯುತ್ತಿನೊಡನೆ ಹೋಗುವುದು ಬೆಳಕೊಂದೇ ಅಲ್ಲ. ಹಿರಿಯರಿಗೆ ಆಮ್ಲಜನಕ ಕೊಡುವ ಯಂತ್ರ ನಿಲ್ಲುತ್ತದೆ. ಪರೀಕ್ಷೆಗೆ ಓದುವ ಮಗು ಪುಸ್ತಕ ಮುಚ್ಚುತ್ತದೆ. ಶೀತಕದಲ್ಲಿಟ್ಟ ಔಷಧಿ ಬಿಸಿಯಾಗುತ್ತದೆ. ಆದ್ದರಿಂದಲೇ ಇನ್ವರ್ಟರು ಈಗ ಸಾಧಾರಣ ಸಂಸಾರದ ಅಗತ್ಯವೂ ಆಗಿದೆ.

ಎತ್ತು ಕೊಳ್ಳುವಾಗ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ಕೊಳ್ಳುವ ಜನ ನಾವು. ಅದೇ ನಾವು ಇಪ್ಪತ್ತು ಸಾವಿರ ರೂಪಾಯಿ ದಾಟುವ ಇನ್ವರ್ಟರು ಮತ್ತು ಬ್ಯಾಟರಿಯನ್ನು ಮಾತ್ರ ಅಂಗಡಿಯವರು ತೋರಿಸಿದಂತೆ, ಪಕ್ಕದ ಮನೆಯವರು ತಂದಂತೆ ತಂದುಬಿಡುತ್ತೇವೆ. ಎರಡು ವರ್ಷದೊಳಗೆ ಬ್ಯಾಟರಿ ಕೈಕೊಟ್ಟಾಗ ದೋಷವನ್ನು ಕಂಪನಿಯ ಮೇಲೆ ಹೊರಿಸುತ್ತೇವೆ. ವಾಸ್ತವವಾಗಿ ಅನೇಕ ಸಂದರ್ಭಗಳಲ್ಲಿ ದೋಷವಿರುವುದು ಆಯ್ಕೆಯಲ್ಲಿ. ಬೀದರ ನಗರದ ಮನೆಗೆ ಒಪ್ಪುವ ಬ್ಯಾಟರಿಯು ಔರಾದ ತಾಲ್ಲೂಕಿನ ಹೊಲದ ಮನೆಗೆ ಒಪ್ಪಬೇಕೆಂದಿಲ್ಲ. ಹಾಗೇಕೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬುತ್ತಿಯ ನ್ಯಾಯ

ಮೊದಲು ಒಂದು ಮೂಲ ಸಂಗತಿಯನ್ನು ಮನಗಾಣಬೇಕು. ಇನ್ವರ್ಟರಾಗಲಿ ಬ್ಯಾಟರಿಯಾಗಲಿ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ವಿದ್ಯುತ್ತು ಇದ್ದಾಗ ಕೂಡಿಟ್ಟುಕೊಂಡು, ಇಲ್ಲದಾಗ ಬಿಚ್ಚಿ ಕೊಡುವುದಷ್ಟೇ ಅವುಗಳ ಕೆಲಸ. ಬ್ಯಾಟರಿಯೆಂದರೆ ಪ್ರಯಾಣಕ್ಕೆ ಕಟ್ಟಿಕೊಂಡ ಬುತ್ತಿ. ಕಟ್ಟಿದಷ್ಟನ್ನೇ ಉಣ್ಣಬಹುದು, ಕಟ್ಟಲು ಮನೆಯಲ್ಲಿ ರೊಟ್ಟಿಯೂ ಇರಬೇಕು, ಹೊತ್ತೂ ಇರಬೇಕು.

ಆದ ಕಾರಣ ಕೊಳ್ಳುವವರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ನಮ್ಮ ಮನೆಯಲ್ಲಿ ವಿದ್ಯುತ್ತು ಎಷ್ಟು ಹೊತ್ತು ಹೋಗುತ್ತದೆ? ಮತ್ತೆ ಬಂದಾಗ ಎಷ್ಟು ಹೊತ್ತು ನಿಲ್ಲುತ್ತದೆ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ವಿರಳ. ಬ್ಯಾಟರಿಯ ಆಯುಷ್ಯ ನಿಂತಿರುವುದು ಬಹುಮಟ್ಟಿಗೆ ಎರಡನೆಯದರ ಮೇಲೆ. ಸಾಮಾನ್ಯ ಇನ್ವರ್ಟರು ಬರಿದಾದ ದೊಡ್ಡ ಬ್ಯಾಟರಿಯನ್ನು ತುಂಬಲು ಹತ್ತು ಹನ್ನೆರಡು ಗಂಟೆ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ವಿದ್ಯುತ್ತು ದೊರೆಯದ ಕಡೆ ಬ್ಯಾಟರಿ ಎಂದೂ ಪೂರ್ತಿ ತುಂಬದು. ಅರೆಹೊಟ್ಟೆಯಲ್ಲೇ ದುಡಿಯುವ ಬ್ಯಾಟರಿಯ ಸೀಸದ ಫಲಕಗಳ ಮೇಲೆ ಸಲ್ಫೇಟಿನ ಗಟ್ಟಿ ಹರಳು ಕಟ್ಟಿಕೊಂಡು, ಅದರ ಶಕ್ತಿ ದಿನದಿನಕ್ಕೆ ಕುಂದುತ್ತದೆ.

ಎರಡು ವಾರದ ಲೆಕ್ಕ

ಅಂಗಡಿಗೆ ಹೋಗುವ ಮುನ್ನ ಎರಡು ವಾರ ಕ್ಯಾಲೆಂಡರಿನ ಮೇಲೆ ವಿದ್ಯುತ್ತು ಹೋದ ವೇಳೆಯನ್ನೂ ಬಂದ ವೇಳೆಯನ್ನೂ ಬರೆದಿಡಿರಿ. ಹಾಲಿನ ಲೆಕ್ಕ ಬರೆಯುವ ತಾಯಂದಿರಿಗೆ ಇದು ಕಷ್ಟದ ಕೆಲಸವಲ್ಲ. ಮಳೆಗಾಲದಲ್ಲಿಯೂ ಕಡುಬೇಸಿಗೆಯಲ್ಲಿಯೂ ಪರಿಸ್ಥಿತಿ ಬೇರೆಯಾಗುವುದರಿಂದ ಹಿಂದಿನ ವರ್ಷದ ನೆನಪನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು.

ಬರದ ವರ್ಷಗಳನ್ನೂ ಮರೆಯಲಾಗದು. ಮಳೆ ಕೈಕೊಟ್ಟ 2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ವಿದ್ಯುತ್ತಿನ ಅಭಾವ ತಲೆದೋರಿ, ರೈತರ ಪಂಪಸೆಟ್ಟುಗಳಿಗೆ ಏಳು ಗಂಟೆಯ ಬದಲು ಐದು ಗಂಟೆಯಷ್ಟೇ ಮೂರು ಫೇಸಿನ ವಿದ್ಯುತ್ತು ಕೊಡುವ ಸ್ಥಿತಿ ಬಂದಿತ್ತು. ನಮ್ಮ ಜಿಲ್ಲೆಗೆ ವಿದ್ಯುತ್ತು ಹಂಚುವ ಹೊಣೆ 2002ರಿಂದ ಕಲಬುರಗಿಯಲ್ಲಿ ಕೇಂದ್ರ ಕಚೇರಿಯುಳ್ಳ ಜೆಸ್ಕಾಂ ಕಂಪನಿಯದು. ದೂರು ಹೇಳಲು 1912 ಎಂಬ ಸಂಖ್ಯೆಯಿದೆ. ತಂತಿ ಕಡಿದಾಗ ಪಕ್ಕದವರು ಹೇಳಿಯಾರೆಂದು ಕಾಯದೆ ಮೊದಲು ದೂರು ದಾಖಲಿಸುವುದು ಒಳ್ಳೆಯದು.

ಏನೇನು ಉರಿಯಬೇಕು?

ಎರಡನೆಯ ಲೆಕ್ಕ ಮನೆಯೊಳಗಿನದು. ವಿದ್ಯುತ್ತು ಹೋದಾಗ ಉರಿಯಲೇಬೇಕಾದವು ಯಾವುವು, ಇರದಿದ್ದರೂ ನಡೆಯುವವು ಯಾವುವು ಎಂದು ಬೇರ್ಪಡಿಸಬೇಕು. ಉದಾಹರಣೆಗೆ 9 ವ್ಯಾಟಿನ ನಾಲ್ಕು ಎಲ್‌ಇಡಿ ದೀಪಗಳಿಗೆ 36 ವ್ಯಾಟ್. 75 ವ್ಯಾಟಿನ ಎರಡು ಹಳೆಯ ಫ್ಯಾನುಗಳಿಗೆ 150. ದೂರದರ್ಶನಕ್ಕೆ 60. ಇಂಟರ್‌ನೆಟ್ ಪೆಟ್ಟಿಗೆಗೆ 10. ಒಟ್ಟು 256 ವ್ಯಾಟ್. ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಫ್ಯಾನುಗಳದೇ ಎಂಬುದನ್ನು ಗಮನಿಸಬೇಕು.

ಈಗ ಬುತ್ತಿಯ ಕಡೆ ನೋಡೋಣ. 150 ಎ.ಎಚ್. ಎಂದು ಬರೆದ 12 ವೋಲ್ಟಿನ ಬ್ಯಾಟರಿಯಲ್ಲಿ, ಎರಡನ್ನೂ ಗುಣಿಸಿದರೆ, 1800 ವ್ಯಾಟ್-ಗಂಟೆಯ ಶಕ್ತಿ ಇರಬೇಕು. ಆದರೆ ಅದಷ್ಟೂ ಕೈಗೆ ಸಿಗದು. ಆ 150 ಎಂಬ ಅಂಕಿ ಸಾಮಾನ್ಯವಾಗಿ ಇಪ್ಪತ್ತು ಗಂಟೆಗಳ ಕಾಲ ನಿಧಾನವಾಗಿ ಬಳಸಿದಾಗ ದೊರೆಯುವ ಲೆಕ್ಕ. ಬೇಗ ಬೇಗ ಎಳೆದರೆ ಬ್ಯಾಟರಿ ಕಡಿಮೆ ಕೊಡುತ್ತದೆ. ಇನ್ವರ್ಟರು ತಾನೂ ಸ್ವಲ್ಪ ತಿನ್ನುತ್ತದೆ. ಬ್ಯಾಟರಿಯನ್ನು ತಳದವರೆಗೆ ಬರಿದು ಮಾಡುವುದೂ ಹಿತವಲ್ಲ. ಎಲ್ಲವನ್ನೂ ಕಳೆದು ಸುಮಾರು 1000 ವ್ಯಾಟ್-ಗಂಟೆ ಎಂದು ಹಿಡಿದರೆ ಮೋಸವಾಗದು. ಅಂದರೆ ಮೇಲೆ ಹೇಳಿದ 256 ವ್ಯಾಟಿನ ಮನೆಗೆ ಹೆಚ್ಚು ಕಡಿಮೆ ನಾಲ್ಕು ಗಂಟೆ.

ಅದೇ ಮನೆಯವರು ಹಳೆಯ ಎರಡು ಫ್ಯಾನುಗಳ ಬದಲು 30 ವ್ಯಾಟಿನ ಸುತ್ತಮುತ್ತ ತೆಗೆದುಕೊಳ್ಳುವ ಬಿ.ಎಲ್.ಡಿ.ಸಿ. ಫ್ಯಾನುಗಳನ್ನು ಹಾಕಿದರೆ ಒಟ್ಟು ಭಾರ 166 ವ್ಯಾಟಿಗೆ ಇಳಿಯುತ್ತದೆ. ಆಗ ಅದೇ ಬ್ಯಾಟರಿ ಆರು ಗಂಟೆ ಬರುತ್ತದೆ. ದೊಡ್ಡ ಬ್ಯಾಟರಿಗೆ ಸುರಿಯುವ ಹಣವನ್ನು ಫ್ಯಾನಿಗೆ ಹಾಕುವುದು ಎಷ್ಟೋ ಮನೆಗಳಲ್ಲಿ ಜಾಣತನ. ಬ್ಯಾಟರಿ ಕೆಲವೇ ವರ್ಷದ ಅತಿಥಿ. ಫ್ಯಾನು ಅದಕ್ಕಿಂತ ಹೆಚ್ಚು ಬಾಳುವುದಲ್ಲದೆ ದಿನವೂ ಬಿಲ್ಲನ್ನು ತಗ್ಗಿಸುತ್ತದೆ.

ನೀರೆತ್ತುವ ಮೋಟಾರು, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಗೀಸರು ಇವು ಸಣ್ಣ ಇನ್ವರ್ಟರಿನ ಪಂಕ್ತಿಯಲ್ಲಿ ಕೂರುವಂಥವಲ್ಲ. ಒಂದು ಎಚ್.ಪಿ. ಮೋಟಾರು ನಡೆಯುವಾಗಲೇ 746 ವ್ಯಾಟಿಗಿಂತ ಹೆಚ್ಚು ಎಳೆಯುತ್ತದೆ. ಆರಂಭದ ಕ್ಷಣದಲ್ಲಿ ಅದರ ಹಲವು ಪಟ್ಟು ಬೇಡುತ್ತದೆ. ಮೇಲಿನ ತೊಟ್ಟಿಯನ್ನು ವಿದ್ಯುತ್ತು ಇದ್ದಾಗಲೇ ತುಂಬಿಸಿಕೊಳ್ಳುವುದು ಇದಕ್ಕೆ ಸುಲಭೋಪಾಯ.

ಇನ್ವರ್ಟರು ಮತ್ತು ಬ್ಯಾಟರಿಯ ಬಗೆಗಳು

ಇನ್ವರ್ಟರಿನ ಮೇಲೆ ಬರೆದಿರುವ ವಿ.ಎ. ಎಂಬುದು ಏಕಕಾಲದಲ್ಲಿ ಎಷ್ಟು ಭಾರ ಹೊರಬಲ್ಲದೆಂಬುದನ್ನು ತಿಳಿಸುತ್ತದೆ. ಎಷ್ಟು ಹೊತ್ತು ಎಂಬುದನ್ನಲ್ಲ. ಹೊತ್ತು ತಿಳಿಸುವುದು ಬ್ಯಾಟರಿ. ವಿ.ಎ. ಅಂಕಿಯಲ್ಲಿ ಐದನೆಯ ಒಂದು ಭಾಗ ಕಳೆದರೆ ವ್ಯಾಟಿನ ಸ್ಥೂಲ ಲೆಕ್ಕ ಸಿಗುತ್ತದೆ. 700 ವಿ.ಎ. ಇನ್ವರ್ಟರು ಸುಮಾರು 560 ವ್ಯಾಟ್ ಹೊರುತ್ತದೆ. ಸಾಧಾರಣ ಸಂಸಾರಕ್ಕೆ ಅದು ಧಾರಾಳ. ಎರಡು ಬ್ಯಾಟರಿ ಬೇಡುವ ದೊಡ್ಡ ಇನ್ವರ್ಟರನ್ನು ಕೇವಲ ಅಂತಸ್ತಿಗಾಗಿ ತರುವುದು ವ್ಯರ್ಥ. "ಸೈನ್ ವೇವ್" ಎಂಬ ಬಗೆಯದನ್ನೇ ಕೇಳಿ ಕೊಳ್ಳಬೇಕು. ಅಗ್ಗದ "ಸ್ಕ್ವೇರ್ ವೇವ್" ಬಗೆಯಲ್ಲಿ ಫ್ಯಾನುಗಳು ಗುಂಯ್‌ಗುಡುತ್ತವೆ, ಮೋಟಾರಿರುವ ಉಪಕರಣಗಳು ಬಿಸಿಯಾಗುತ್ತವೆ.

ಬ್ಯಾಟರಿಗಳಲ್ಲಿ ಮನೆಗಳಿಗೆ ಹೆಚ್ಚಾಗಿ ಬರುವುದು, 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲದ ಬ್ಯಾಟರಿಯ ವಂಶದ್ದು. ಅದರಲ್ಲಿ ಚಪ್ಪಟೆ ಫಲಕದ್ದು ಅಗ್ಗ. ಕೊಳವೆ ಫಲಕದ "ಟ್ಯೂಬುಲರ್" ಬಗೆಯದು ಬೆಲೆಯಲ್ಲಿ ಹೆಚ್ಚಾದರೂ ಆಗಾಗ ಬರಿದಾಗಿ ತುಂಬುವ ದುಡಿಮೆಯನ್ನು ಚೆನ್ನಾಗಿ ತಾಳುತ್ತದೆ. ಇತ್ತೀಚೆಗೆ ಲಿಥಿಯಂ ಬ್ಯಾಟರಿಗಳು ಬಂದಿವೆ. ಅವು ಹಗುರ, ನೀರು ಹಾಕುವ ಗೋಜಿಲ್ಲ, ಮೂರು ನಾಲ್ಕು ಗಂಟೆಗಳಲ್ಲಿ ತುಂಬಬಲ್ಲವು, ಅರೆ ತುಂಬಿದ ಸ್ಥಿತಿಯಿಂದ ಅವಕ್ಕೆ ಹಾನಿಯಿಲ್ಲ. ಬೆಲೆ ಹೆಚ್ಚು ಎಂಬುದು ನಿಜ. ಅವಕ್ಕೆ ಹೊಂದುವ ಇನ್ವರ್ಟರೂ ಬೇಕು. ಮನೆ ಬಳಕೆಗೆ ಕೊಳ್ಳುವುದಾದರೆ "ಲಿಥಿಯಂ ಐರನ್ ಫಾಸ್ಫೇಟ್" ಎಂಬ ಬಗೆಯೇ ಹೆಚ್ಚು ಸುರಕ್ಷಿತ.

ಮೂರು ಊರು, ಮೂರು ಉತ್ತರ

ಬೀದರ ನಗರದ ಒಂದು ಮನೆಯನ್ನು ತೆಗೆದುಕೊಳ್ಳೋಣ. ಅಲ್ಲಿ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ವಿದ್ಯುತ್ತು ಹೋಗಿ ಉಳಿದ ಹೊತ್ತೆಲ್ಲ ಇರುತ್ತದೆಂದು ಕ್ಯಾಲೆಂಡರು ಹೇಳಿದರೆ, ಬುತ್ತಿ ಕಟ್ಟಲು ಹೊತ್ತಿಗೇನೂ ಕೊರತೆಯಿಲ್ಲ. ಸೈನ್ ವೇವ್ ಇನ್ವರ್ಟರು ಮತ್ತು 100 ಅಥವಾ 120 ಎ.ಎಚ್. ಟ್ಯೂಬುಲರ್ ಬ್ಯಾಟರಿ ಸಾಕು. ಅಂಥ ಮನೆಗೆ 200 ಎ.ಎಚ್. ತಂದರೆ ಅದರ ಬಹುಭಾಗ ಬಳಕೆಯೇ ಇಲ್ಲದೆ ಮುದಿಯಾಗುತ್ತದೆ. ನಗರದ ಮನೆಗಳಲ್ಲಿ ಮುಖ್ಯವಾದುದು ಸ್ಥಳದ ಪ್ರಶ್ನೆ. ಅದನ್ನು ಮುಂದೆ ಹೇಳುತ್ತೇವೆ.

ಭಾಲ್ಕಿ ಪಟ್ಟಣದ ಒಂದು ಕೂಡು ಕುಟುಂಬ ಇನ್ನೊಂದು ಉದಾಹರಣೆ. ಗಾಳಿಮಳೆಯ ದಿನಗಳಲ್ಲಿ ಅಲ್ಲಿ ಒಮ್ಮೊಮ್ಮೆ ನಾಲ್ಕೈದು ಗಂಟೆ ವಿದ್ಯುತ್ತು ಹೋಗುತ್ತದೆ, ಆದರೆ ಬಂದ ಮೇಲೆ ರಾತ್ರಿಯಿಡೀ ನಿಲ್ಲುತ್ತದೆ ಎಂದಿಟ್ಟುಕೊಳ್ಳಿ. ಇವರಿಗೆ 150 ಎ.ಎಚ್. ಟ್ಯೂಬುಲರ್ ಬ್ಯಾಟರಿ ಒಪ್ಪುತ್ತದೆ. ಆದರೆ ಮೊದಲು ಫ್ಯಾನು ಬದಲಿಸಿ, ಅನಂತರ ಬ್ಯಾಟರಿ ಆರಿಸಬೇಕು. ಮೂರು ಕೋಣೆಗಳಲ್ಲಿ ಮೂರು ಫ್ಯಾನು ತಿರುಗುವ ಮನೆಯಲ್ಲಿ ಇದರಿಂದ ಆಗುವ ಉಳಿತಾಯ ಸಣ್ಣದಲ್ಲ.

ಔರಾದ ತಾಲ್ಲೂಕಿನ ಹೊಲದಲ್ಲಿ ಕಟ್ಟಿಕೊಂಡ ಮನೆಯ ಸಂಗತಿಯೇ ಬೇರೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಹಳ್ಳಿಯ ಮನೆಗಳ ಮಾರ್ಗವನ್ನೂ ಪಂಪಸೆಟ್ಟುಗಳ ಮಾರ್ಗವನ್ನೂ ಬೇರ್ಪಡಿಸಿದ್ದರಿಂದ ಊರೊಳಗಿನ ಮನೆಗಳಿಗೆ ಅನುಕೂಲವಾಯಿತು. ಆದರೆ ಪಂಪಸೆಟ್ಟಿನ ಮಾರ್ಗವನ್ನೇ ನಂಬಿಕೊಂಡ ಹೊಲದ ಮನೆಗೆ ವಿದ್ಯುತ್ತು ಬರುವುದು ಗೊತ್ತುಪಡಿಸಿದ ಗಂಟೆಗಳಲ್ಲಿ ಮಾತ್ರ. ಅಂಥಲ್ಲಿ ದೊಡ್ಡ ಸೀಸದ ಬ್ಯಾಟರಿ ತಂದಿಡುವುದೆಂದರೆ, ಸಣ್ಣ ಬಾವಿಗೆ ದೊಡ್ಡ ಮೋಟಾರು ಇಳಿಸಿದಂತೆ. ಅದು ತುಂಬುವುದೇ ಇಲ್ಲ. ಇವರಿಗೆ ದಾರಿ ಎರಡು: ಬೇಗ ತುಂಬುವ ಲಿಥಿಯಂ ಬ್ಯಾಟರಿ, ಇಲ್ಲವೇ ಮಾಳಿಗೆಯ ಮೇಲೆ ಸೌರ ಫಲಕ. ಸುಮಾರು 300 ವ್ಯಾಟಿನ ಒಂದು ಫಲಕ ಒಳ್ಳೆಯ ಬಿಸಿಲಿನ ದಿನ ಒಂದು ಯೂನಿಟ್ಟಿನಷ್ಟು ವಿದ್ಯುತ್ತು ಕೊಡಬಲ್ಲದು. ಮೂರು ದೀಪ ನಾಲ್ಕು ಗಂಟೆ ಉರಿದು, 30 ವ್ಯಾಟಿನ ಒಂದು ಫ್ಯಾನು ಎಂಟು ಗಂಟೆ ತಿರುಗಿದರೂ ಖರ್ಚಾಗುವುದು ಅದರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಶ್ರಾವಣದ ಮೋಡದ ದಿನಗಳಿಗೂ ಇದರಿಂದ ಕೊಂಚ ಆಸರೆಯಾಗುತ್ತದೆ.

ಸೌರಶಕ್ತಿಯ ಬಗೆಗೆ ಒಂದು ಎಚ್ಚರಿಕೆ ಅಗತ್ಯ. 2024ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಮೇಲ್ಪಟ್ಟದ್ದಕ್ಕೆ 78 ಸಾವಿರ ರೂಪಾಯಿ ಸಹಾಯಧನ ಗೊತ್ತುಪಡಿಸಲಾಯಿತು. ಇದು ಸರಕಾರಿ ಮಾರ್ಗಕ್ಕೆ ಜೋಡಿಸುವ ವ್ಯವಸ್ಥೆ. ಬ್ಯಾಟರಿಯಿಲ್ಲದ ಇಂಥ ವ್ಯವಸ್ಥೆ, ಹೊರಗಿನ ವಿದ್ಯುತ್ತು ಹೋದೊಡನೆ ಸುಡುಬಿಸಿಲಿನಲ್ಲಿಯೂ ತಾನಾಗಿ ನಿಂತುಬಿಡುತ್ತದೆ. ಕಂಬದ ಮೇಲೆ ದುರಸ್ತಿ ಮಾಡುವವರ ಜೀವರಕ್ಷಣೆಗಾಗಿ ಹಾಗೆ ರೂಪಿಸಲಾಗಿದೆ. ಬಿಲ್ಲು ತಗ್ಗಿಸಲು ಅದು ಉತ್ತಮ; ಕತ್ತಲೆ ಕಳೆಯಲು ಬ್ಯಾಟರಿಯುಳ್ಳ "ಹೈಬ್ರಿಡ್" ಬಗೆಯೇ ಬೇಕು.

ಮನೆಯಲ್ಲಿ ರೋಗಿಗಳಿದ್ದರೆ

ಮನೆಯಲ್ಲಿ ಆಮ್ಲಜನಕದ ಯಂತ್ರವನ್ನು ಅವಲಂಬಿಸಿದ ಹಿರಿಯರಿದ್ದರೆ ಲೆಕ್ಕ ಇನ್ನಷ್ಟು ಬಿಗಿಯಾಗಿರಬೇಕು. ಐದು ಲೀಟರಿನ ಯಂತ್ರ ಸಾಮಾನ್ಯವಾಗಿ 300 ರಿಂದ 350 ವ್ಯಾಟ್ ಎಳೆಯುತ್ತದೆ. ಅದೊಂದನ್ನೇ ಇಟ್ಟರೂ 150 ಎ.ಎಚ್. ಬ್ಯಾಟರಿ ಮೂರು ಗಂಟೆಯ ಮಾತು. ಆದ್ದರಿಂದ ತುಂಬಿದ ಆಮ್ಲಜನಕದ ಸಿಲಿಂಡರೊಂದು ಮನೆಯಲ್ಲಿ ಇರಲೇಬೇಕು. ಅದನ್ನು ತಿರುಗಿಸಲು ಮನೆಯ ಇಬ್ಬರಿಗಾದರೂ ಬರಬೇಕು. ಇನ್ವರ್ಟರು ಇಂಥ ಮನೆಯಲ್ಲಿ ಮೊದಲ ಆಸರೆಯೇ ಹೊರತು ಕೊನೆಯದಲ್ಲ. ಇನ್ಸುಲಿನ್ ಬಳಸುವವರು ಶೀತಕವನ್ನು ಇನ್ವರ್ಟರಿಗೆ ಜೋಡಿಸಲು ಆತುರಪಡಬೇಕಾಗಿಲ್ಲ. ಬಾಗಿಲು ತೆರೆಯದಿದ್ದರೆ ಶೀತಕ ಕೆಲವು ಗಂಟೆ ತಂಪಾಗಿಯೇ ಇರುತ್ತದೆ. ದೀರ್ಘಕಾಲ ವಿದ್ಯುತ್ತು ಹೋದಾಗ ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಮಡಿಕೆಯೂ ನೆರವಿಗೆ ಬರುತ್ತದೆ. ಈ ಕುರಿತು ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು.

ಬಿಲ್ಲಿನ ಮಾತು

ಇನ್ವರ್ಟರಿನ ಮೂಲಕ ಒಂದು ಯೂನಿಟ್ ಬಳಸಬೇಕಾದರೆ ಹೊರಗಿನಿಂದ ಒಂದೂವರೆ ಯೂನಿಟ್ಟಿಗೂ ಹೆಚ್ಚು ಎಳೆದುಕೊಂಡಿರಬೇಕಾಗುತ್ತದೆ. ತುಂಬುವಾಗಲೂ ಬಿಚ್ಚುವಾಗಲೂ ಸೋರಿಕೆ ತಪ್ಪದು. ವಿದ್ಯುತ್ತು ಹೋಗದ ದಿನವೂ ಅದು ಸುಮ್ಮನಿರುವುದಿಲ್ಲ. ಎಡೆಬಿಡದೆ 15 ವ್ಯಾಟ್ ಎಳೆದರೂ ತಿಂಗಳಿಗೆ ಸುಮಾರು 11 ಯೂನಿಟ್ಟಾಗುತ್ತದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದಾಗ, 200 ಯೂನಿಟ್ಟಿನ ಒಳಗೆ, ಪ್ರತಿ ಮನೆಯ 2022-23ರ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಉಚಿತ ಮಿತಿಯನ್ನು ಗೊತ್ತುಪಡಿಸಲಾಯಿತು. ಮಿತಿಯ ಅಂಚಿನಲ್ಲಿರುವ ಮನೆಗೆ ಹೊಸ ಇನ್ವರ್ಟರು ಬಂದ ತಿಂಗಳಿನಿಂದ ಬಿಲ್ಲು ಬರತೊಡಗಿದರೆ ಮೀಟರು ಕೆಟ್ಟಿದೆಯೆಂದು ಜಗಳಕ್ಕೆ ಹೋಗುವ ಮೊದಲು ಇದನ್ನು ನೆನೆಯಬೇಕು.

ಅಂಗಡಿಯಲ್ಲಿ ಕೇಳಬೇಕಾದುದು

"ಐದು ವರ್ಷದ ವಾರಂಟಿ" ಎಂಬ ಮಾತನ್ನು ಬಿಡಿಸಿ ಕೇಳಬೇಕು. ಕಾರ್ಡಿನ ಮೇಲೆ 36+24 ಎಂದಿದ್ದರೆ, ಮೊದಲ 36 ತಿಂಗಳಲ್ಲಿ ಕೆಟ್ಟರೆ ಮಾತ್ರ ಬ್ಯಾಟರಿಯನ್ನು ಉಚಿತವಾಗಿ ಬದಲಿಸಿ ಕೊಡುತ್ತಾರೆ. ಮುಂದಿನ 24 ತಿಂಗಳಲ್ಲಿ ಹೊಸದರ ಬೆಲೆಯಲ್ಲಿ ಒಂದಿಷ್ಟು ರಿಯಾಯಿತಿ ಅಷ್ಟೆ. ಬ್ಯಾಟರಿ ತಯಾರಾದ ತಿಂಗಳನ್ನು ನೋಡಬೇಕು. ಅಂಗಡಿಯಲ್ಲಿ ಬಹಳ ದಿನ ತುಂಬದೆ ಕುಳಿತ ಬ್ಯಾಟರಿ ಹೊಸದಾದರೂ ಹಳೆಯದೇ. ಕಾರ್ಡಿನ ಮೇಲೆ ದಿನಾಂಕ, ಕ್ರಮಸಂಖ್ಯೆ, ಮೊಹರು ಬೀಳದೆ ಹಣ ಕೊಡಬಾರದು.

ಗಡಿಯ ಜನರಾದ ನಾವು ಉದಗೀರಿಗೋ ಹೈದರಾಬಾದಿಗೋ ಹೋದಾಗ ಅಗ್ಗವೆಂದು ಬ್ಯಾಟರಿ ತರುವುದುಂಟು. 150 ಎ.ಎಚ್. ಟ್ಯೂಬುಲರ್ ಬ್ಯಾಟರಿಯ ತೂಕ 50 ಕಿಲೋ ಮೀರುತ್ತದೆ. ಅದು ಕೆಟ್ಟ ದಿನ ಔರಾದದಿಂದ ಮತ್ತೆ ಅಲ್ಲಿಗೆ ಹೊರುವವರಾರು ಎಂದು ಯೋಚಿಸಿದರೆ, ಮನೆಗೇ ಬಂದು ನೋಡುವ ಸಮೀಪದ ಅಂಗಡಿಯ ನಾಲ್ಕುನೂರು ಐನೂರು ರೂಪಾಯಿ ಹೆಚ್ಚಿನ ಬೆಲೆ ಭಾರವೆನಿಸದು.

ಎಲ್ಲಿಡಬೇಕು, ಹೇಗೆ ಕಾಪಾಡಬೇಕು

ಸೀಸದ ಬ್ಯಾಟರಿ ತುಂಬುವಾಗ ಜಲಜನಕವೆಂಬ ಅನಿಲ ಹೊರಬರುತ್ತದೆ. ಅದು ಕಿಡಿ ತಗುಲಿದರೆ ಸಿಡಿಯುವಂಥದು. ಆದ್ದರಿಂದ ದೀಪ, ಊದುಬತ್ತಿ ಉರಿಯುವ ದೇವರ ಜಗಲಿಯ ಬಳಿ, ಅಡಿಗೆಯ ಒಲೆಯ ಬಳಿ, ಗಾಳಿಯಾಡದ ಕಪಾಟಿನಲ್ಲಿ ಬ್ಯಾಟರಿಯನ್ನು ಇಡಲೇಬಾರದು. ಗಾಳಿಯಾಡುವ, ಮಕ್ಕಳ ಕೈಗೆ ಎಟುಕದ ಪಡಸಾಲೆಯ ಮೂಲೆ ಲೇಸು. ಬಿಸಿಲು ತಾಕಬಾರದು. ಉಷ್ಣತೆ ಹತ್ತು ಡಿಗ್ರಿ ಏರಿದರೆ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆಂಬುದು ಬಲ್ಲವರ ಸ್ಥೂಲ ಲೆಕ್ಕ. ನಮ್ಮ ಜಿಲ್ಲೆಯ ಮೇ ತಿಂಗಳ ಬಿಸಿಲಿನಲ್ಲಿ ತಗಡಿನ ಮಾಡಿನ ಕೆಳಗೆ ಇಟ್ಟ ಬ್ಯಾಟರಿಯ ಗತಿಯನ್ನು ಇದರಿಂದ ಊಹಿಸಬಹುದು.

ಎರಡು ಮೂರು ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೀರಿನ ಮಟ್ಟ ನೋಡಿ, ಅಂಗಡಿಯಲ್ಲಿ ಸಿಗುವ ಬ್ಯಾಟರಿ ನೀರನ್ನಷ್ಟೇ ಹಾಕಬೇಕು. ಕೊಳವೆಬಾವಿಯ ನೀರಿನಲ್ಲಿರುವ ಲವಣ ಫಲಕಗಳಿಗೆ ವಿಷ. ಕುಡಿಯುವ ಶುದ್ಧ ನೀರೂ ಸಲ್ಲದು. ಆಮ್ಲವನ್ನು ಮನೆಯವರು ಎಂದೂ ಸೇರಿಸಬಾರದು. ಕಣ್ಣಿಗೋ ಕೈಗೋ ಆಮ್ಲ ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಜೀವದ ಪ್ರಶ್ನೆ. ಇನ್ವರ್ಟರಿರುವ ಮನೆಯಲ್ಲಿ ಮೇನ್ ಸ್ವಿಚ್ಚು ತೆಗೆದರೂ ಕೆಲವು ತಂತಿಗಳಲ್ಲಿ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಫ್ಯಾನು ಬಿಚ್ಚುವ ಮೊದಲು, ಹೋಲ್ಡರು ಮುಟ್ಟುವ ಮೊದಲು ಇನ್ವರ್ಟರನ್ನೂ ನಿಲ್ಲಿಸಬೇಕು. ಈ ಮಾತು ಮನೆಯ ಮಕ್ಕಳಿಗೂ ಗೊತ್ತಿರಬೇಕು. ಜೋಡಣೆಯನ್ನು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು, ಅರ್ಥಿಂಗ್ ಸರಿಯಾಗಿರಬೇಕು. ತಪ್ಪು ಜೋಡಣೆಯಿಂದ ಮನೆಯ ವಿದ್ಯುತ್ತು ಹಿಮ್ಮುಖವಾಗಿ ಕಂಬಕ್ಕೆ ಹರಿದರೆ, ನಮ್ಮ ಮನೆಗೆ ಬೆಳಕು ತರಲೆಂದೇ ಮಳೆಯಲ್ಲಿ ಕಂಬವೇರಿದ ಲೈನ್‌ಮನ್ನನ ಜೀವಕ್ಕೆ ಅಪಾಯ.

ಸತ್ತ ಬ್ಯಾಟರಿಯನ್ನು ಗುಜರಿಯವರಿಗೆ ಕೊಡದೆ, ಒಡೆಯದೆ, ಅಂಗಡಿಗೇ ಹಿಂದಿರುಗಿಸಿ ಅದರ ಬೆಲೆಯನ್ನು ಹೊಸದರಲ್ಲಿ ಮುರಿದುಕೊಳ್ಳಬೇಕು. ಹಳೆಯದನ್ನು ಹಿಂಪಡೆದು ವಿಲೇವಾರಿ ಮಾಡುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಸೀಸವು ಎಳೆಯ ಮಕ್ಕಳ ಮಿದುಳಿಗೆ ಹಾನಿ ಮಾಡುವ ವಿಷ. ಬಹಮನಿಯರ ಕಾಲದಲ್ಲಿಯೇ ನೆಲದಡಿಯ ನೀರನ್ನು ಸುರಂಗ ಬಾವಿಯ ಮೂಲಕ ತಂದು ಜೋಪಾನ ಮಾಡಿದ ಊರು ಬೀದರ. ಆ ನೆಲಕ್ಕೆ ನಾವು ಬ್ಯಾಟರಿಯ ಆಮ್ಲವನ್ನು ಸುರಿಯುವುದು ಸಲ್ಲದು.

ಒಟ್ಟಿನಲ್ಲಿ ಹೇಳುವುದಾದರೆ, ದೊಡ್ಡ ಬ್ಯಾಟರಿ ಒಳ್ಳೆಯ ಬ್ಯಾಟರಿಯೆಂಬ ಭ್ರಮೆ ಬೇಡ. ಮನೆಯ ಅಗತ್ಯಕ್ಕೂ, ವಿದ್ಯುತ್ತು ದೊರೆಯುವ ಹೊತ್ತಿಗೂ ಹೊಂದುವುದೇ ಒಳ್ಳೆಯದು. ಎರಡು ವಾರ ಕ್ಯಾಲೆಂಡರಿನ ಮೇಲೆ ಬರೆದಿಟ್ಟ ಗುರುತುಗಳು, ಹಾಳೆಯ ಮೇಲೆ ಕೂಡಿದ ನಾಲ್ಕು ಅಂಕಿಗಳು, ಅಂಗಡಿಯಲ್ಲಿ ಸಂಕೋಚವಿಲ್ಲದೆ ಕೇಳಿದ ನಾಲ್ಕು ಪ್ರಶ್ನೆಗಳು ಸಾವಿರಾರು ರೂಪಾಯಿಗಳನ್ನು ಉಳಿಸಬಲ್ಲವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಈ ಹೊಸ ಯಂತ್ರಕ್ಕೂ ಸಲ್ಲುತ್ತದೆ. ಮುಂಗಾರಿನ ಗಾಳಿ ಏಳುವ ಮುನ್ನವೇ ಓದುಗ ಬಂಧುಗಳು ತಮ್ಮ ತಮ್ಮ ಮನೆಯ ಲೆಕ್ಕವನ್ನು ಬರೆಯಲು ತೊಡಗಲಿ ಎಂಬುದು ನಮ್ಮ ಆಶಯ.